ಆರ್‌ವಿಯಲ್ಲೇ ವಾಸ, ಆರೋಗ್ಯ ಮಾತ್ರ ಕೈಕೊಡುತ್ತಿದೆ: ಸಂಭಾಳಿಸುವುದು ಹೇಗೆ?

ಅಮೆರಿಕದಲ್ಲಿ ರಿಟೈರ್ ಆದ ಮೇಲೆ ಮನೆ ಮಾರಿ, ಆ ದುಡ್ಡಲ್ಲಿ ಒಂದು ಆರ್‌ವಿ, ಅಂದರೆ ಮನೆಯಂಥ ಗಾಡಿ, ಕೊಂಡು ವರ್ಷಪೂರ್ತಿ ಅದರಲ್ಲೇ ಇದ್ದುಬಿಡುವವರು ಬಹಳ ಜನ. ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲಾ ಗಾಡಿಯೊಳಗೇ. ಚಳಿ ಬಂದರೆ ಅರಿಜೋನಾ, ಟೆಕ್ಸಸ್, ಫ್ಲೋರಿಡಾ ಕಡೆ. ಬಿಸಿಲು ಏರಿದರೆ ಉತ್ತರಕ್ಕೆ. ಅಲ್ಲಿ ನೆಲೆಸಿ, ಮಕ್ಕಳನ್ನು ಓದಿಸಿ, ಈಗ ಕೈಯಲ್ಲಿ ಸ್ವಲ್ಪ ಬಿಡುವಿರುವ ನಮ್ಮ ಕನ್ನಡದವರಿಗೂ ಈ ಆಸೆ ಇಲ್ಲದಿಲ್ಲ.

ಯೂಟ್ಯೂಬ್ ತೆರೆದರೆ ಎಲ್ಲರೂ ಸೂರ್ಯಾಸ್ತ ತೋರಿಸುತ್ತಾರೆ. ಮಂಡಿ ನೋವು, ಸಕ್ಕರೆ ಕಾಯಿಲೆ, ಎದೆಯಲ್ಲಿ ಸ್ಟೆಂಟ್, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮೂಗಿಗೆ ಸಿಪ್ಯಾಪ್ ಮೆಷಿನ್, ಇಷ್ಟೆಲ್ಲಾ ಇಟ್ಟುಕೊಂಡು ಅದೇ ಗಾಡಿಯಲ್ಲಿ ದಿನ ತೆಗೆಯುವುದು ಹೇಗೆ ಅಂತ ಹೇಳುವವರು ಕಡಿಮೆ. ಕಾಯಿಲೆ ಬಂತು ಅಂದ ಕೂಡಲೇ ಗಾಡಿ ಮಾರಬೇಕಾಗಿಲ್ಲ. ಆದರೆ ಯೋಚನೆಯ ಕ್ರಮ ತಿರುಗುಮುರುಗಾಗಬೇಕು. ಇಷ್ಟು ದಿನ ಊರು ಆರಿಸಿಕೊಂಡು, ಬೇಕಾದರೆ ಅಲ್ಲಿ ಆಸ್ಪತ್ರೆ ಹುಡುಕುತ್ತಿದ್ದಿರಿ. ಇನ್ನು ಮೊದಲು ಆಸ್ಪತ್ರೆ, ಆಮೇಲೆ ಊರು.

1. ಒಂದು ಊರಲ್ಲಿ ಒಬ್ಬ ಡಾಕ್ಟರ್

ಹೋದಲ್ಲೆಲ್ಲಾ ಅರ್ಜೆಂಟ್ ಕೇರ್‌ಗೆ, ಅಂದರೆ ಅಪಾಯಿಂಟ್‌ಮೆಂಟ್ ಬೇಡದ ಕ್ಲಿನಿಕ್ಕಿಗೆ, ನುಗ್ಗಿ ಮಾತ್ರೆ ಬರೆಸಿಕೊಳ್ಳುವ ಪದ್ಧತಿ ಆರೋಗ್ಯವಂತರಿಗೆ ಸರಿ. ದೀರ್ಘ ಕಾಯಿಲೆ ಇದ್ದವರಿಗೆ ತಮ್ಮ ಪೂರ್ತಿ ಕಥೆ ಗೊತ್ತಿರುವ ಒಬ್ಬ ಡಾಕ್ಟರ್ ಬೇಕೇ ಬೇಕು. ವರ್ಷಕ್ಕೆ ಒಂದೆರಡು ಸಲ ಹೇಗೂ ಹೋಗುವ ಊರೊಂದನ್ನು, ಮಗಳ ಮನೆ ಇರುವ ಊರೇ ಆದರೂ ಸರಿ, ಇದಕ್ಕೆ ಗೊತ್ತುಮಾಡಿಕೊಳ್ಳಿ. ಚೆಕಪ್, ರಕ್ತ ಪರೀಕ್ಷೆ, ಹಲ್ಲು, ಕಣ್ಣು ಎಲ್ಲಾ ಅದೇ ಎರಡು ಮೂರು ವಾರದಲ್ಲಿ ಮುಗಿಸಿ.

ಕಾಯಿಲೆ ದೊಡ್ಡದಾದರೆ ಆಸ್ಪತ್ರೆಯ ಪಕ್ಕಕ್ಕೇ ಮನೆ ತೆಗೆದುಕೊಂಡು ಹೋಗಬಹುದು. ಆರ್‌ವಿಯ ನಿಜವಾದ ಅನುಕೂಲ ಇದೇ ಅಂತ ನನ್ನ ಅನಿಸಿಕೆ. ಹ್ಯೂಸ್ಟನ್‌ನ ಟೆಕ್ಸಸ್ ಮೆಡಿಕಲ್ ಸೆಂಟರ್ ಇರಲಿ, ಮಿನ್ನೆಸೋಟಾದ ರೋಚೆಸ್ಟರ್‌ನಲ್ಲಿರುವ ಮೇಯೋ ಕ್ಲಿನಿಕ್ ಇರಲಿ, ಹೋಗಿಬರುವಷ್ಟು ದೂರದಲ್ಲಿ ಆರ್‌ವಿ ಪಾರ್ಕುಗಳಿವೆ. ಕೆಲವು ಆಸ್ಪತ್ರೆಗಳು ತಮ್ಮ ಆವರಣದಲ್ಲೇ ಗಾಡಿ ನಿಲ್ಲಿಸಲು ಬಿಡುತ್ತವೆ, ಕೇಳಿ ನೋಡಿ. ತಿಂಗಳುಗಟ್ಟಲೆ ಕೀಮೋ, ರೇಡಿಯೇಶನ್ ಅಂತ ಇದ್ದಾಗ ಹೋಟೆಲ್ ಕೋಣೆಗಿಂತ ಸ್ವಂತ ಹಾಸಿಗೆ, ಸ್ವಂತ ಅಡುಗೆ ಎಷ್ಟೋ ವಾಸಿ ಅಲ್ವಾ? ಮೇಯೋಗೆ ಅರಿಜೋನಾದಲ್ಲೂ ಫ್ಲೋರಿಡಾದಲ್ಲೂ ಶಾಖೆಗಳಿವೆ. ಮಿನ್ನೆಸೋಟಾದ ಜನವರಿಯಲ್ಲಿ ಆರ್‌ವಿಯ ನೀರಿನ ಪೈಪು ಹೆಪ್ಪುಗಟ್ಟುತ್ತದೆ, ಹಾಗಾಗಿ ಚಳಿಗಾಲದ ಚಿಕಿತ್ಸೆಗೆ ಆ ಶಾಖೆಗಳಲ್ಲಿ ವಿಚಾರಿಸಿ.

2. ವಿಳಾಸ ಮತ್ತು ಇನ್ಶೂರೆನ್ಸ್

ಎಲ್ಲರೂ ಎಡವುವುದು ಇಲ್ಲೇ. ಗಾಡಿಯಲ್ಲಿದ್ದರೂ ಕಾನೂನಿಗೆ ಒಂದು ರಾಜ್ಯದ ವಿಳಾಸ ಬೇಕು. ರಾಜ್ಯದ ಆದಾಯ ತೆರಿಗೆ ಇಲ್ಲದ ಸೌತ್ ಡಕೋಟಾ, ಟೆಕ್ಸಸ್, ಫ್ಲೋರಿಡಾ ಈ ಮೂರನ್ನೇ ಹೆಚ್ಚಿನವರು ಆರಿಸಿಕೊಳ್ಳುತ್ತಾರೆ. ಟಪಾಲು ಪಡೆದು ನೀವಿದ್ದಲ್ಲಿಗೆ ಕಳಿಸುವ ಸಂಸ್ಥೆಗಳೂ ಅಲ್ಲಿವೆ. ಆದರೆ ಬರೀ ತೆರಿಗೆ ನೋಡಿ ರಾಜ್ಯ ಆರಿಸಬೇಡಿ. 65 ತುಂಬದವರಿಗೆ ಯಾವ ಹೆಲ್ತ್ ಪ್ಲಾನ್ ಸಿಗುತ್ತದೆ, ಅದರ ನೆಟ್‌ವರ್ಕ್, ಅಂದರೆ ಅದನ್ನು ಒಪ್ಪುವ ಡಾಕ್ಟರ್, ಆಸ್ಪತ್ರೆಗಳ ಜಾಲ, ಎಲ್ಲಿಯವರೆಗೆ ಅನ್ನುವುದು ಈ ವಿಳಾಸದ ಮೇಲೇ ನಿಂತಿದೆ. ತೆರಿಗೆಯಲ್ಲಿ ಉಳಿಸಿದ್ದನ್ನೆಲ್ಲಾ ಒಂದೇ ಒಂದು ಆಸ್ಪತ್ರೆ ಬಿಲ್ ನುಂಗಿ ನೀರು ಕುಡಿಯಬಹುದು.

65 ಆದ ಮೇಲೆ ಮೆಡಿಕೇರ್, ಅಂದರೆ ಹಿರಿಯರಿಗೆ ಸರ್ಕಾರದ ಆರೋಗ್ಯ ವಿಮೆ. ಇದರಲ್ಲಿ ಎರಡು ದಾರಿ. ಮೊದಲನೆಯದು ಸರ್ಕಾರದ ಒರಿಜಿನಲ್ ಮೆಡಿಕೇರ್. ಅದನ್ನು ಒಪ್ಪುವ ಡಾಕ್ಟರ್ ದೇಶದ ಯಾವ ಮೂಲೆಯಲ್ಲಿದ್ದರೂ ತೋರಿಸಿಕೊಳ್ಳಬಹುದು. ಎರಡನೆಯದು ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್. ಪ್ರೀಮಿಯಂ ಕಡಿಮೆ, ಹಲ್ಲು ಕಣ್ಣಿಗೂ ಒಂದಿಷ್ಟು ಕೊಡುತ್ತಾರೆ, ಟಿವಿ ಜಾಹೀರಾತಿನಲ್ಲಿ ಬರುವುದೆಲ್ಲಾ ಇದೇ. ಆದರೆ ಬಹುಪಾಲು ಪ್ಲಾನುಗಳು ಒಂದು ಪ್ರದೇಶಕ್ಕೆ ಕಟ್ಟುಬಿದ್ದಿರುತ್ತವೆ. ಹೊರಗೆ ಹೋದಾಗ ಎಮರ್ಜೆನ್ಸಿಗೆ ತೊಂದರೆಯಿಲ್ಲ, ಮಾಮೂಲಿ ಚಿಕಿತ್ಸೆಗೆ ಸಾಮಾನ್ಯವಾಗಿ ದುಡ್ಡು ಜಾಸ್ತಿ ಬೀಳುತ್ತದೆ ಅಥವಾ ಸಿಗುವುದೇ ಇಲ್ಲ. ಆರು ತಿಂಗಳಿಗಿಂತ ಹೆಚ್ಚು ಆ ಪ್ರದೇಶದ ಆಚೆ ಇದ್ದರೆ ಪ್ಲಾನಿನಿಂದಲೇ ತೆಗೆದುಹಾಕಬಹುದು. ವರ್ಷಪೂರ್ತಿ ಓಡಾಡುವವರಿಗೆ ನಾನು ಹೇಳುವುದು ಒರಿಜಿನಲ್ ಮೆಡಿಕೇರ್, ಜೊತೆಗೆ ಮೆಡಿಗ್ಯಾಪ್ ಅನ್ನುವ ಪೂರಕ ಪಾಲಿಸಿ, ಔಷಧಿಗೆ ಪಾರ್ಟ್ ಡಿ.

ಈ ಮೆಡಿಗ್ಯಾಪ್‌ಗೆ ಒಂದು ಗಡುವು ಇದೆ. 65 ತುಂಬಿ ಪಾರ್ಟ್ ಬಿ, ಅಂದರೆ ಮೆಡಿಕೇರ್‌ನಲ್ಲಿ ಡಾಕ್ಟರ್ ಖರ್ಚಿನ ಭಾಗ, ಶುರುವಾದ ತಿಂಗಳಿಂದ 6 ತಿಂಗಳ ಒಳಗೆ ಕೇಳಿದರೆ, ಏನೇ ಕಾಯಿಲೆ ಇದ್ದರೂ ಕಂಪನಿ ಇಲ್ಲ ಅನ್ನುವ ಹಾಗಿಲ್ಲ. ಆ ಅವಧಿ ದಾಟಿದರೆ ಹೆಚ್ಚಿನ ರಾಜ್ಯಗಳಲ್ಲಿ ನಿಮ್ಮ ಆರೋಗ್ಯ ನೋಡಿ ದರ ಏರಿಸಬಹುದು, ಕೊಡುವುದಿಲ್ಲ ಅಂತಲೂ ಹೇಳಬಹುದು. ಅಂದರೆ ಗಟ್ಟಿಮುಟ್ಟಾಗಿದ್ದಾಗ ಅಗ್ಗದ ಅಡ್ವಾಂಟೇಜ್‌ನಲ್ಲಿದ್ದು, ಕಾಯಿಲೆ ಬಂದ ಮೇಲೆ ಈ ಕಡೆ ಬರುತ್ತೇನೆ ಅನ್ನುವ ಲೆಕ್ಕಾಚಾರ ಕೈಗೂಡುವುದು ಕಷ್ಟ.

ಮಕ್ಕಳ ಮೂಲಕ ಗ್ರೀನ್ ಕಾರ್ಡ್ ಪಡೆದು ಊರಿಂದ ಬಂದ ಅಪ್ಪ ಅಮ್ಮಂದಿರ ವಿಷಯ ಬೇರೆ. ಅಲ್ಲಿ ದುಡಿದ ಲೆಕ್ಕ ಇಲ್ಲದಿದ್ದರೆ, 5 ವರ್ಷ ಬಿಡದೆ ಅಲ್ಲಿ ವಾಸವಿದ್ದ ಮೇಲಷ್ಟೇ ಪ್ರೀಮಿಯಂ ಕಟ್ಟಿ ಮೆಡಿಕೇರ್ ಸೇರಬಹುದು. ಅಲ್ಲಿಯವರೆಗೆ ಬೇರೆ ಇನ್ಶೂರೆನ್ಸ್ ಇಲ್ಲದೆ ಅವರನ್ನು ಕೂರಿಸಿಕೊಂಡು ಊರೂರು ಸುತ್ತುವುದು ಅಪಾಯ. ಇನ್ನೊಂದು ಮಾತು, ಕೆಲವು ಅಪವಾದ ಬಿಟ್ಟರೆ ಮೆಡಿಕೇರ್ ಅಮೆರಿಕದ ಗಡಿ ದಾಟುವುದಿಲ್ಲ. ಕೆನಡಾ, ಮೆಕ್ಸಿಕೋ ಮಾತ್ರವಲ್ಲ, ಬೆಂಗಳೂರಿಗೆ ಬಂದಾಗಲೂ ಅಷ್ಟೇ.

3. ಗಾಡಿಗೆ ನಿಮ್ಮ ಮೈ ಒಗ್ಗುತ್ತದೆಯೇ?

ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಬ್ಲ್ಯಾಕ್ ಟ್ಯಾಂಕ್, ಅಂದರೆ ಕಕ್ಕಸಿನ ಟ್ಯಾಂಕ್, ಖಾಲಿ ಮಾಡುವ ಕೆಲಸವನ್ನೇ ನೋಡಿ. ಗಾಡಿಯ ಪಕ್ಕ ಮಂಡಿಯೂರಿ ಕೂರಬೇಕು. ಅಡಿಗೆ ಕೈ ಹಾಕಿ ಮುಚ್ಚಳ ತಿರುಗಿಸಬೇಕು. ದಪ್ಪ ಪೈಪಿನ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ನೆಲದ ತೂತಿಗೆ ಬಿಗಿಯಾಗಿ ಕೂರಿಸಬೇಕು. ಆಮೇಲೆ ಜಿಡ್ಡುಗಟ್ಟಿದ ವಾಲ್ವನ್ನು ಜಗ್ಗಿ ಎಳೆಯಬೇಕು. ಎಲ್ಲಾ ಹರಿದು ಹೋದ ಮೇಲೆ ಪೈಪನ್ನು ಎತ್ತಿ ಹಿಡಿದು, ತೊಳೆದು, ಮಡಚಿ ಒಳಗಿಡಬೇಕು. ಇದನ್ನು ಒಬ್ಬರೇ ಮಾಡಿ, ಯಾರ ಕೈಯೂ ಹಿಡಿಯದೆ ಎದ್ದು ನಿಲ್ಲುತ್ತೀರಾ? ಹಾಗಾದರೆ ಸದ್ಯಕ್ಕೆ ಚಿಂತೆಯಿಲ್ಲ. ಇಲ್ಲವಾದರೆ ಕೆಲಸ ಹಗುರ ಮಾಡಿಕೊಳ್ಳಿ: ಬ್ಯಾಟರಿಯಲ್ಲಿ ನಡೆಯುವ ವಾಲ್ವ್, ಗುಂಡಿ ಒತ್ತಿದರೆ ಗಾಡಿಯನ್ನು ಸಮತಟ್ಟು ಮಾಡುವ ಜಾಕ್, ನೀರು ಕರೆಂಟು ಒಳಚರಂಡಿ ಮೂರೂ ಇರುವ ಫುಲ್ ಹುಕಪ್ ಸೈಟು.

ಮೆಟ್ಟಿಲಿಗೆ ಗಟ್ಟಿಯಾದ ಕಂಬಿ ಹಾಕಿಸಿ. ಬಚ್ಚಲಲ್ಲಿ ಹಿಡಿ ಹಾಕಿಸುವಾಗ ಹುಷಾರು. ಆರ್‌ವಿಯ ಗೋಡೆ ತೆಳ್ಳಗಿನ ಹಲಗೆ, ಒಳಗೆ ಚೌಕಟ್ಟು ಇರುವ ಜಾಗ ನೋಡಿ ಸ್ಕ್ರೂ ಹೊಡೆಯದಿದ್ದರೆ ಜಾರಿದಾಗ ಹಿಡಿಯೂ ನಿಮ್ಮ ಜೊತೆಗೇ ಕಿತ್ತು ಬರುತ್ತದೆ. ಮಂಚ ಗೋಡೆಗೆ ಅಂಟಿಕೊಂಡಿದ್ದರೆ ರಾತ್ರಿ ಏಳುವವರು ಇನ್ನೊಬ್ಬರನ್ನು ದಾಟಿ ಇಳಿಯಬೇಕು. ಪ್ರಾಸ್ಟೇಟ್ ತೊಂದರೆ ಇರುವವರಿಗೆ ಇದು ಸಣ್ಣ ವಿಷಯವಲ್ಲ.

4. ಕರೆಂಟಿನ ಲೆಕ್ಕ

ಮೆಷಿನ್ ನಂಬಿಕೊಂಡವರು ಕಾಗದ ಪೆನ್ನು ಹಿಡಿದು ಕೂರಬೇಕು. ಹುಕಪ್ ಇಲ್ಲದ ಬಯಲಲ್ಲಿ ತಂಗುವುದಕ್ಕೆ ಬೂನ್‌ಡಾಕಿಂಗ್ ಅನ್ನುತ್ತಾರೆ. ಸಿಪ್ಯಾಪ್ ಮೆಷಿನ್, ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಆಫ್ ಮಾಡಿದರೆ, ಸುಮಾರು 30ರಿಂದ 40 ವಾಟ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. ರಾತ್ರಿ 8 ಗಂಟೆಗೆ 240ರಿಂದ 320 ವಾಟ್-ಅವರ್. 12 ವೋಲ್ಟಿನ 100 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ 1200 ಇರುತ್ತದೆ, ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಅಂದರೆ 600. ಎರಡು ರಾತ್ರಿ ಬಂತು ಅಂತ ಖುಷಿಪಡಬೇಡಿ. ಹೀಟರಿನ ಫ್ಯಾನ್, ನೀರಿನ ಪಂಪು, ದೀಪ ಎಲ್ಲಕ್ಕೂ ಅದೇ ಬ್ಯಾಟರಿ. ಮೆಷಿನ್ನಿಗೆ 12 ವೋಲ್ಟಿನ ಅಡಾಪ್ಟರ್ ಸಿಗುತ್ತದೆ, ಇನ್ವರ್ಟರ್ ಮೂಲಕ ಓಡಿಸುವುದಕ್ಕಿಂತ ಅದರಲ್ಲಿ ಉಳಿತಾಯ.

ಆಮ್ಲಜನಕದ ಕಾನ್ಸಂಟ್ರೇಟರ್ ಇದ್ದರೆ ಈ ಲೆಕ್ಕ ಬಿಟ್ಟೇಬಿಡಿ. ಮನೆಯಲ್ಲಿಡುವ ಮೆಷಿನ್ನು 300 ವಾಟ್ ಆಸುಪಾಸು ಎಳೆಯುತ್ತದೆ. ದಿನವಿಡೀ ಓಡಿದರೆ 7 ಯೂನಿಟ್ ದಾಟುತ್ತದೆ. ಇಂಥವರು ಕರೆಂಟಿರುವ ಪಾರ್ಕಿನಲ್ಲೇ ಇರಬೇಕು, ಲೈನ್ ಹೋದರೆ ಅಂತ ಜನರೇಟರ್ ಮತ್ತು ತುಂಬಿದ ಸಿಲಿಂಡರ್ ಜೊತೆಗಿರಬೇಕು.

ಬೆಂಕಿಯ ವಿಷಯ ಇದಕ್ಕಿಂತ ಮುಖ್ಯ. ಉರಿಯುವ ಜ್ವಾಲೆಯಿಂದ ಆಮ್ಲಜನಕ ಹಲವು ಅಡಿ ದೂರ ಇರಬೇಕು, 10 ಅಡಿ ಅಂತ ಹೇಳುವವರೂ ಇದ್ದಾರೆ. ಆರ್‌ವಿಯ ಅಗಲವೇ ಎಂಟು, ಎಂಟೂವರೆ ಅಡಿ! ಆದ್ದರಿಂದ ಮೂಗಿಗೆ ನಳಿಗೆ ಹಾಕಿದವರು ಒಳಗಿದ್ದಾಗ ಪ್ರೊಪೇನ್ ಒಲೆ ಹಚ್ಚಲೇಬಾರದು. ಇಂಡಕ್ಷನ್ ಒಲೆ ತಗೊಳ್ಳಿ, ಒಗ್ಗರಣೆ ಅದರಲ್ಲೂ ಚೆನ್ನಾಗಿಯೇ ಸಿಡಿಯುತ್ತದೆ.

5. ಔಷಧಿ

ದೇಶದ ತುಂಬಾ ಅಂಗಡಿ ಇರುವ ಯಾವುದಾದರೂ ಒಂದು ಫಾರ್ಮಸಿ ಸರಪಳಿಗೇ ಅಂಟಿಕೊಳ್ಳಿ, ವಾಲ್‌ಮಾರ್ಟ್, ಸಿವಿಎಸ್, ವಾಲ್‌ಗ್ರೀನ್ಸ್ ಯಾವುದಾದರೂ ಸರಿ. ಮಾಮೂಲಿ ಮಾತ್ರೆಗಳನ್ನು 90 ದಿನಕ್ಕೆ ಬರೆಸಿ. ತೀವ್ರ ನೋವಿನ ಮಾತ್ರೆಗಳ ವಿಷಯದಲ್ಲಿ ಮಾತ್ರ ಜಗ್ಗಾಟ ಜಾಸ್ತಿ. ಓಪಿಯಾಯ್ಡ್‌ಗಳಲ್ಲಿ ಬಹಳಷ್ಟಕ್ಕೆ ರಿಫಿಲ್ ಇಲ್ಲ, ಪ್ರತಿ ಸಲ ಹೊಸ ಚೀಟಿ. ಬೇರೆ ರಾಜ್ಯದ ಡಾಕ್ಟರ್ ಬರೆದದ್ದನ್ನು ಅಂಗಡಿಯವರು ಒಪ್ಪದೆಯೂ ಇರಬಹುದು. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ.

ಇನ್ಸುಲಿನ್ ತೆರೆಯದಿದ್ದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಪ್ರೊಪೇನಿನಲ್ಲಿ ನಡೆಯುವ ಆರ್‌ವಿ ಫ್ರಿಜ್ ಗಾಡಿ ವಾಲಿ ನಿಂತರೆ ಸರಿಯಾಗಿ ತಣ್ಣಗಾಗುವುದಿಲ್ಲ. ಒಳಗೆ ಒಂದು ಥರ್ಮಾಮೀಟರ್ ಇಡಿ, ಚಿಲ್ಲರೆ ಖರ್ಚು.

ವಿಡಿಯೋ ಕಾಲ್‌ನಲ್ಲಿ ನಮ್ಮ ಡಾಕ್ಟರೇ ಸಿಗುತ್ತಾರಲ್ಲ ಅನ್ನುತ್ತೀರಾ? ಸಾಮಾನ್ಯ ನಿಯಮ ಏನೆಂದರೆ, ಕಾಲ್ ಮಾಡುವ ಹೊತ್ತಿಗೆ ರೋಗಿ ಯಾವ ರಾಜ್ಯದಲ್ಲಿ ಕೂತಿದ್ದಾರೋ ಆ ರಾಜ್ಯದ ಲೈಸೆನ್ಸ್ ಡಾಕ್ಟರಿಗಿರಬೇಕು. ಟೆಕ್ಸಸ್ ಡಾಕ್ಟರ್ ಜೊತೆ ಮಾತಿಗೆ ಕೂತಾಗ ನೀವು ಗಡಿ ದಾಟಿ ನ್ಯೂ ಮೆಕ್ಸಿಕೋದಲ್ಲಿದ್ದರೆ ಅಪಾಯಿಂಟ್‌ಮೆಂಟ್ ಅಲ್ಲೇ ಮುಗಿದರೂ ಮುಗಿಯಿತು.

ಡಯಾಲಿಸಿಸ್ ಇರುವವರೂ ಓಡಾಡುತ್ತಾರೆ. ಹೋಗುವ ಊರಿನ ಸೆಂಟರಿನಲ್ಲಿ ಕುರ್ಚಿ ಕಾದಿರಿಸಲು ನಿಮ್ಮ ಸೆಂಟರಿನ ಸೋಶಿಯಲ್ ವರ್ಕರ್ ಸಹಾಯ ಮಾಡುತ್ತಾರೆ. ವಾರಗಳ ಮುಂಚೆ ಹೇಳಬೇಕು ಅಷ್ಟೇ.

6. ದಾರಿ

ಎತ್ತರ ನೋಡಿ. ಕೊಲೊರಾಡೋದ ಲೆಡ್‌ವಿಲ್ 10,000 ಅಡಿ ಮೇಲಿದೆ, ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಸುಮಾರು 7,000. ಹೃದಯ, ಶ್ವಾಸಕೋಶದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಇಂಥ ಕಡೆ ರಾತ್ರಿ ತಂಗಬೇಡಿ.

ಅರಿಜೋನಾದ ಕ್ವಾರ್ಟ್‌ಸೈಟ್ ಹತ್ತಿರದ ಮರುಭೂಮಿಯಲ್ಲಿ ಸರ್ಕಾರಿ ಜಾಗದಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇಡೀ ಸೀಸನ್ನಿಗೆ ಒಂದೇ ಶುಲ್ಕ ಕೊಟ್ಟು ಇರಬಹುದು. ಇಷ್ಟು ಅಗ್ಗದ ವಾಸ ಬೇರೆಲ್ಲೂ ಸಿಗಲಿಕ್ಕಿಲ್ಲ, ನೆರೆಹೊರೆಯೂ ಚೆನ್ನ. ಆದರೆ ದೊಡ್ಡ ಆಸ್ಪತ್ರೆ ಅಂದರೆ ಫೀನಿಕ್ಸ್, ಎರಡು ಗಂಟೆ ದಾರಿ. ಪದೇಪದೇ ಎದೆನೋವು ಬರುವವರಿಗೆ ನಾನಂತೂ ಬೇಡ ಅನ್ನುತ್ತೇನೆ. ಕಾಯಂ ಅಂಗವೈಕಲ್ಯ ಇರುವ ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ ರಾಷ್ಟ್ರೀಯ ಉದ್ಯಾನಗಳ ಆಕ್ಸೆಸ್ ಪಾಸ್ ಉಚಿತ, ಜೀವನಪೂರ್ತಿ. ಎಷ್ಟೋ ಸರ್ಕಾರಿ ಕ್ಯಾಂಪ್‌ಗ್ರೌಂಡುಗಳಲ್ಲಿ ಅದಕ್ಕೆ ಅರ್ಧ ದರ.

7. ಇಬ್ಬರಿಗೂ ಬರಬೇಕು

ದಂಪತಿಯಲ್ಲಿ ಒಬ್ಬರೇ ಗಾಡಿ ಓಡಿಸುವುದು, ಇನ್ನೊಬ್ಬರು ಪಕ್ಕದಲ್ಲಿ ಕೂತು ದಾರಿ ಹೇಳುವುದು, ಇದು ಎಲ್ಲಾ ಕಡೆ ಕಾಣುವ ಚಿತ್ರ. ಓಡಿಸುವವರೇ ಹಾಸಿಗೆ ಹಿಡಿದರೆ? 35 ಅಡಿ ಗಾಡಿ ಯಾವುದೋ ಊರಿನಲ್ಲಿ ಕೂತುಬಿಡುತ್ತದೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಇನ್ನೊಬ್ಬರೂ ತಿರುಗಿಸುವುದು, ಹಿಂದಕ್ಕೆ ಹಾಕುವುದು ಕಲಿಯಲಿ. ಆರ್‌ವಿ ಡ್ರೈವಿಂಗ್ ಹೇಳಿಕೊಡುವ ತರಬೇತಿಯೂ ಇದೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಡದಿರುವುದೇ ಸಂಸಾರಕ್ಕೆ ಕ್ಷೇಮ.

8. 911 ಒತ್ತುವ ಮುಂಚೆ

ಎಲ್ಲಿದ್ದೀರಿ ಅಂತ ಹೇಳಲು ಬರಬೇಕು. ಹೊಸ ಜಾಗಕ್ಕೆ ಬಂದ ಕೂಡಲೇ ಕ್ಯಾಂಪ್‌ಗ್ರೌಂಡಿನ ಹೆಸರು, ರಸ್ತೆ, ಸೈಟ್ ನಂಬರ್ ಒಂದು ಚೀಟಿಯಲ್ಲಿ ಬರೆದು ಬಾಗಿಲ ಬಳಿ ಅಂಟಿಸಿ. ಗಾಬರಿಯಲ್ಲಿ ಎಂಥವರಿಗೂ ನಾಲಿಗೆ ತೊದಲುತ್ತದೆ. ಫ್ರಿಜ್ ಮೇಲೆ ಕಾಯಿಲೆ, ಮಾತ್ರೆ, ಅಲರ್ಜಿಗಳ ಪಟ್ಟಿ ಇರಲಿ. ನಿಮಗೆ ಪ್ರಜ್ಞೆ ಇಲ್ಲದಾಗ ಯಾರು ತೀರ್ಮಾನ ಮಾಡಬೇಕು ಅನ್ನುವ ಹೆಲ್ತ್ ಕೇರ್ ಪವರ್ ಆಫ್ ಅಟಾರ್ನಿ ಮಾಡಿಸಿ, ಒಂದು ಪ್ರತಿ ಗಾಡಿಯಲ್ಲಿ, ಒಂದು ಮಕ್ಕಳ ಹತ್ತಿರ. ಐಫೋನ್ 14 ಮತ್ತು ಅದರ ನಂತರದ ಮಾಡೆಲ್‌ಗಳಲ್ಲಿ ಸಿಗ್ನಲ್ ಇಲ್ಲದ ಕಡೆ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ ಇದೆ. ಅದರಲ್ಲೇ ಡೆಮೊ ಕೂಡ ಇದೆ, ಮೊದಲೇ ಒಮ್ಮೆ ಮಾಡಿ ನೋಡಿ.

9. ಎಲ್ಲಿ ನಿಲ್ಲಿಸುತ್ತೀರಿ?

ಈ ಮಾತನ್ನು ಯಾರೂ ಎತ್ತುವುದಿಲ್ಲ. ಚೆನ್ನಾಗಿರುವಾಗಲೇ ಮಾತಾಡಿ, ಬರೆದಿಡಿ: ರಾತ್ರಿ ಕಣ್ಣು ಕಾಣದಿದ್ದರೆ, ಎರಡು ಸಲ ಬಿದ್ದರೆ, ಮರೆವು ಶುರುವಾದರೆ ಏನು ಅಂತ. ದಿನನಿತ್ಯ ನೋಡಿಕೊಳ್ಳುವ ದೀರ್ಘಕಾಲದ ಆರೈಕೆಗೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಗಾಡಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ. ಅದನ್ನು ಮಾರಿ ಮನೆ ಕೊಳ್ಳುತ್ತೇವೆ ಅಂತ ನಂಬಿ ಕೂರಬೇಡಿ.

ಗಾಡಿ ಬಿಡಲು ಮನಸ್ಸಿಲ್ಲದವರಿಗೆ ನಡುವಿನ ದಾರಿಯೊಂದಿದೆ. 1978ರಲ್ಲಿ ಶುರುವಾದ ಎಸ್ಕೇಪೀಸ್ ಎಂಬ ಆರ್‌ವಿ ಕ್ಲಬ್ ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿದೆ. ಅಲ್ಲಿ ಕೇರ್ ಅನ್ನುವ ಕೇಂದ್ರ ಇದೆ. ನಿಮ್ಮದೇ ಗಾಡಿ ನಿಲ್ಲಿಸಿಕೊಂಡು ಅದರಲ್ಲೇ ಇರಬಹುದು, ಊಟ, ಬಟ್ಟೆ ಒಗೆಯುವುದು, ಡಾಕ್ಟರ ಬಳಿಗೆ ಕರೆದೊಯ್ಯುವುದು ಅವರ ಕೆಲಸ. ನಡೆಯಲು ಆಗುವಾಗಲೇ ಒಮ್ಮೆ ಹೋಗಿ ನೋಡಿ ಬನ್ನಿ, ಜಾಗ, ಖರ್ಚು ವಿಚಾರಿಸಿ.

ಮಗನ ಮನೆ ಮುಂದೆ ನಿಲ್ಲಿಸಿದರಾಯಿತು ಅಂದುಕೊಂಡಿದ್ದರೆ, ಮೊದಲು ಅವನ ಬಡಾವಣೆಯ ಮನೆ ಮಾಲೀಕರ ಸಂಘದ ನಿಯಮ ಓದಿಸಿ. ಬಹಳಷ್ಟು ಕಡೆ ಆರ್‌ವಿ ನಿಲ್ಲಿಸುವುದಕ್ಕೇ ಬಿಡುವುದಿಲ್ಲ, ಅದರಲ್ಲಿ ವಾಸ ಅಂದರೆ ನಗರಸಭೆಯ ನಿಯಮವೂ ಅಡ್ಡ ಬರುತ್ತದೆ. ಅನುಮತಿ ಸಿಕ್ಕರೆ ಅದನ್ನು ಬರಹದಲ್ಲಿ ತಗೊಳ್ಳಿ, ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ನಿಮ್ಮ ಗಾಡಿಗೆ ಬೇಕಾದ 30 ಅಥವಾ 50 ಆಂಪ್ ಪ್ಲಗ್ ಹಾಕಿಸಿ.