ಮರಳುವ ಬಸ್ಸನ್ನು ಮೊದಲು ಹುಡುಕುತ್ತೇನೆ

ನನಗೆ ಕಾರು ಓಡಿಸಲು ಬರುವುದಿಲ್ಲ. ಯಜಮಾನರಿಗೆ ಕಾದರಾಶ್‌ನಲ್ಲಿ, ಭಾರತವೂ ಪಾಲುದಾರನಾಗಿರುವ ಐಟರ್ ಎಂಬ ಪರಮಾಣು ಸಮ್ಮಿಳನ ರಿಯಾಕ್ಟರ್ ಕಟ್ಟುತ್ತಿರುವ ಕಡೆ, ಕೆಲಸ ಸಿಕ್ಕಿತು. ಹಾಗಾಗಿ ನಾವು ದಕ್ಷಿಣ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ಗೆ ಬಂದು ನೆಲೆಸಿದೆವು. ಕಾರಿಲ್ಲದೆ ಇಲ್ಲಿನ ಹಳ್ಳಿಗಳ ಕಡೆ ತಲೆ ಹಾಕುವುದೂ ಕಷ್ಟ ಎಂದು ಬಂದ ವಾರವೇ ಮೂರು ಜನ ಹೇಳಿದರು. ನಾಲ್ಕು ವರ್ಷ ಇಲ್ಲಿನ ಕಾಲುದಾರಿಗಳಲ್ಲಿ ಬಸ್ಸು ಹಿಡಿದು ನಡೆದ ಮೇಲೆ ನಾನು ಹೇಳುವುದು ಬೇರೆ. ಕಾರಿನಲ್ಲಿ ಬಂದವರು ಎಷ್ಟು ನಡೆದರೂ ಕಾರು ನಿಲ್ಲಿಸಿದಲ್ಲಿಗೇ ಮರಳಬೇಕು, ಅವರ ನಡಿಗೆ ಗಾಣದ ಸುತ್ತು. ಬಸ್ಸಿನವಳು ಒಂದು ಊರಲ್ಲಿ ಇಳಿದು ಬೆಟ್ಟ ದಾಟಿ ಇನ್ನೊಂದು ಊರಲ್ಲಿ ಬಸ್ಸು ಹತ್ತಬಹುದು. ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದು ಹೋಗುವ ಸುಖ ನನಗೆ ಸಿಕ್ಕಿದ್ದು ಕಾರಿಲ್ಲದ ಕಾರಣಕ್ಕೇ.

ನನ್ನ ಕ್ರಮ ತಲೆಕೆಳಗು. ಹೋಗಬೇಕಾದ ಜಾಗವನ್ನಲ್ಲ, ಮರಳುವ ಬಸ್ಸನ್ನು ಮೊದಲು ಹುಡುಕುತ್ತೇನೆ. ಅದರಲ್ಲೂ ಕೊನೆಯ ಬಸ್ಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಹಿಂದಿನದನ್ನು ಹಿಡಿಯುತ್ತೇನೆ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರುತ್ತೇನೆ. ಇಲ್ಲಿನ ನಡಿಗೆಗಾರರು ಸಾಮಾನ್ಯವಾಗಿ ಹಾಕುವ ಲೆಕ್ಕ ಸಮತಟ್ಟಿನಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್, ಏರಿನಲ್ಲಿ ಗಂಟೆಗೆ 300 ಮೀಟರ್ ಎತ್ತರ. ಅದಕ್ಕೆ ನನ್ನದೊಂದು ಗಂಟೆ ಸೇರಿಸುತ್ತೇನೆ. ಊಟಕ್ಕೆ, ಬೂಟಿನ ಕಲ್ಲು ತೆಗೆಯುವುದಕ್ಕೆ, ಸುಮ್ಮನೆ ಕೂರುವುದಕ್ಕೆ ಅಷ್ಟು ಬೇಕು. ಉಳಿದ ಹೊತ್ತಿನಲ್ಲಿ ಹಿಡಿಸುವ ದಾರಿಯನ್ನು ಐಜಿಎನ್ ಎಂಬ ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆಯ 1:25,000 ಅಳತೆಯ ಕಾಗದದ ನಕ್ಷೆಯಲ್ಲಿ ಹುಡುಕುತ್ತೇನೆ. ಅದರಲ್ಲಿ ನಾಲ್ಕು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ದಾರದ ತುಂಡೊಂದನ್ನು ದಾರಿಯ ತಿರುವುಗಳ ಮೇಲಿಟ್ಟು ಅಳೆಯುತ್ತೇನೆ. ಮೊಬೈಲ್ ಇದೆ, ಆದರೆ ಕಣಿವೆಗೆ ಇಳಿದರೆ ಸಿಗ್ನಲ್ ಇರುವುದಿಲ್ಲ.

ವೇಳಾಪಟ್ಟಿ ಓದುವುದನ್ನು ನಾನು ಕಲಿತದ್ದು ಪೆಟ್ಟು ತಿಂದು. ಲ್ಯುಬೆರೋನ್ ಬೆಟ್ಟದ ತಪ್ಪಲಿನ ಒಂದು ಹಳ್ಳಿಯಲ್ಲಿ ನಡಿಗೆ ಮುಗಿಸಿ ಸಂಜೆಯ ಬಸ್ಸಿಗೆ ಕಾದೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು, ಬಸ್ಸು ಬರಲಿಲ್ಲ. ಕಂಬಕ್ಕೆ ಅಂಟಿಸಿದ ಹಾಳೆಯನ್ನು ಮತ್ತೆ ಓದಿದಾಗ ಆ ಸಮಯದ ಮೇಲೆ ಸಣ್ಣದಾಗಿ ಬರೆದ ವಾರಗಳ ಮೊದಲಕ್ಷರಗಳು ಕಂಡವು: ಸೋಮ, ಮಂಗಳ, ಗುರು, ಶುಕ್ರ. ಬುಧವಾರ ಇರಲಿಲ್ಲ. ಅಂದು ಬುಧವಾರ. ಫ್ರಾನ್ಸಿನಲ್ಲಿ ಬುಧವಾರ ಮಧ್ಯಾಹ್ನದ ಮೇಲೆ ಹೆಚ್ಚಿನ ಮಕ್ಕಳಿಗೆ ಶಾಲೆಯಿಲ್ಲ. ಹಳ್ಳಿಯ ಬಸ್ಸು ಬಹುಪಾಲು ಶಾಲಾ ಮಕ್ಕಳನ್ನು ನಂಬಿಕೊಂಡು ಓಡುವಂಥದ್ದು, ಹಾಗಾಗಿ ಬುಧವಾರದ ಮರುಪ್ರಯಾಣ ಮಧ್ಯಾಹ್ನಕ್ಕೇ ಮುಗಿದಿತ್ತು. ಎದುರು ಮನೆಯ ಕಿಟಕಿಯ ಮರದ ಬಾಗಿಲು ಹಾಕಲು ಬಂದ ಅಜ್ಜಿಯೊಬ್ಬರು ನನ್ನನ್ನು ನೋಡಿ, ಏನೂ ಕೇಳದೆ ಒಳಗೆ ಹೋಗಿ ಕಾರಿನ ಕೀಲಿ ತಂದರು. ದೊಡ್ಡ ಊರಿನ ಬಸ್ ನಿಲ್ದಾಣದವರೆಗೆ ಬಿಟ್ಟರು. ಅಷ್ಟು ದೂರವೂ ಅವರು ಹೇಳುತ್ತಿದ್ದುದು ಆ ಬಸ್ಸು ಹಿಂದೆ ಭಾನುವಾರವೂ ಬರುತ್ತಿತ್ತು, ತಾವು ಅದರಲ್ಲೇ ಸಂತೆಗೆ ಹೋಗುತ್ತಿದ್ದೆವು ಎಂದು. ನನ್ನಂಥ ಒಬ್ಬಳು ಟಿಕೆಟ್ ತೆಗೆದರೆ ಆ ಬಸ್ಸು ಉಳಿಯುವುದಕ್ಕೆ ಒಂದು ಕಾರಣ ಹೆಚ್ಚಾಗುತ್ತದೆ ಎಂದು ಅವತ್ತಿನಿಂದ ಅನ್ನಿಸತೊಡಗಿದೆ.

ಈಗ ಹಾಳೆಯ ಅಡಿಟಿಪ್ಪಣಿಗಳನ್ನು ಮೊದಲು ಓದುತ್ತೇನೆ. ಶಾಲೆ ನಡೆಯುವ ದಿನಗಳಲ್ಲಿ ಮಾತ್ರವೇ, ರಜೆಯಲ್ಲೂ ಇದೆಯೇ, ಸರ್ಕಾರಿ ರಜೆಗೆ ಏನು ಮಾಡುತ್ತದೆ ಎಂದು ನೋಡುತ್ತೇನೆ. ಚಳಿಗಾಲದ ಮತ್ತು ವಸಂತದ ಶಾಲಾ ರಜೆಗಳು ದೇಶದ ಮೂರು ವಲಯಗಳಿಗೆ ಬೇರೆ ಬೇರೆ ವಾರ ಬರುತ್ತವೆ. ನಮ್ಮದು ಬಿ ವಲಯ. ಪ್ಯಾರಿಸ್ಸಿನ ಗೆಳತಿಯ ರಜೆಯನ್ನು ನೋಡಿ ನಮ್ಮ ಹಳ್ಳಿಯ ಬಸ್ಸನ್ನು ಊಹಿಸಬಾರದು. ಮೇ 1ರಂದು ಬಸ್ಸನ್ನು ನೆಚ್ಚಿಕೊಂಡು ಹೊರಡುವುದೇ ಇಲ್ಲ. ಕೆಲವು ಊರುಗಳಿಗೆ ಹಿಂದಿನ ದಿನ ಫೋನು ಮಾಡಿ ಹೇಳಿದರೆ ಮಾತ್ರ ಸಣ್ಣ ವ್ಯಾನು ಬರುತ್ತದೆ. ಮೊದಲ ಸಲ ಫೋನಿನಲ್ಲಿ ಹೇಳಬೇಕಾದ ನಾಲ್ಕು ಫ್ರೆಂಚ್ ವಾಕ್ಯಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಮರುದಿನ ಬೆಳಿಗ್ಗೆ ದ್ರಾಕ್ಷಿತೋಟಗಳ ನಡುವಿನ ಖಾಲಿ ತಿರುವಿನಲ್ಲಿ ನನ್ನೊಬ್ಬಳಿಗಾಗಿ ವ್ಯಾನು ಬಂದು ನಿಂತಾಗ ಕಣ್ಣು ತುಂಬಿತು.

ನಾನು ಹೆಚ್ಚು ಸಲ ನಡೆದಿರುವುದು ಸೇಂಟ್-ವಿಕ್ತ್ವಾರ್ ಬೆಟ್ಟದಲ್ಲಿ. ಚಿತ್ರಕಾರ ಸೆಜಾನ್ ಮತ್ತೆ ಮತ್ತೆ ಬರೆದ ಬೆಟ್ಟ ಅದೇ. ಎಕ್ಸ್‌ನಿಂದ ವೊವನಾರ್ಗ್ ಹಳ್ಳಿಯ ಬಸ್ಸು ಹಿಡಿದು, ಹಳ್ಳಿಗಿಂತ ತುಸು ಮೊದಲೇ ಕಬಸ್ಸೋಲ್ ಎಂಬಲ್ಲಿ ಇಳಿಯುತ್ತೇನೆ. ಪಿಕಾಸೊ ಸಮಾಧಿಯಿರುವ ಕೋಟೆಮನೆ ವೊವನಾರ್ಗ್ ಹಳ್ಳಿಯದು. ಜಿಆರ್ 9 ಎಂಬ ದೂರದಾರಿ ಕಬಸ್ಸೋಲ್‌ನಿಂದ ಬೆಟ್ಟದ ಉತ್ತರ ಮಗ್ಗುಲನ್ನು ಏರುತ್ತದೆ. ಅದರ ಗುರುತು ಮೇಲೆ ಬಿಳಿ, ಕೆಳಗೆ ಕೆಂಪು, ಎರಡು ಪಟ್ಟಿ, ಅಂಗೈಯಷ್ಟು ಉದ್ದ. ಕಲ್ಲಿನ ಮೇಲೂ ಓಕ್ ಮರದ ಕಾಂಡದ ಮೇಲೂ ಸ್ವಯಂಸೇವಕರು ಬಣ್ಣ ಹಚ್ಚಿರುತ್ತಾರೆ. ಆ ಎರಡು ಪಟ್ಟಿ ಒಂದನ್ನೊಂದು ಅಡ್ಡ ದಾಟಿದ ಗುರುತು ಕಂಡರೆ ತಪ್ಪು ದಾರಿ. ಊರ ಸುತ್ತಿನ ಸಣ್ಣ ದಾರಿಗಳಿಗೆ ಹಳದಿಯ ಒಂದೇ ಪಟ್ಟಿ. ಜಿಆರ್ ದೂರದಾರಿಗಳ ಜಾಲದ ಮೊದಲ ದಾರಿಗೆ 1947ರಲ್ಲಿ ಓರ್ಲಿಯಾನ್ಸ್ ಬಳಿ ಲ್ವಾರ್ ನದಿಯ ದಂಡೆಯಲ್ಲಿ ಗುರುತು ಹಚ್ಚಿದರು. ಯುದ್ಧ ಮುಗಿದು ಎರಡೇ ವರ್ಷವಾಗಿತ್ತು. ಅಂಥ ಹೊತ್ತಿನಲ್ಲಿ ಬಣ್ಣದ ಡಬ್ಬಿ ಹಿಡಿದು ನಡೆಯುವವರಿಗಾಗಿ ದಾರಿ ತೋರಿಸಿದವರನ್ನು ನೆನೆದರೆ ಗೌರವ ಮೂಡುತ್ತದೆ.

ಏರು ಸುಮಾರು 570 ಮೀಟರ್. ಮೊದಲು ಅಗಲವಾದ ದಾರಿ, ಆಮೇಲೆ ಮರಗಳ ನಡುವೆ ಸುತ್ತು ಸುತ್ತಾಗಿ ಏರುವ ಕಾಲುದಾರಿ. ಇಲ್ಲಿನ ಸುಣ್ಣಕಲ್ಲು ಸಾವಿರಾರು ಬೂಟುಗಳಿಗೆ ತೇಯ್ದು ಕಡಪದ ಕಲ್ಲಿನ ಜಗಲಿಯ ಹಾಗೆ ನುಣುಪಾಗಿದೆ. ಒಣಗಿದ್ದಾಗಲೂ ಜಾರುತ್ತದೆ. ಪೂರ್ತಿ ಪಾದ ಊರಿ, ದೇಹದ ಭಾರವನ್ನು ಮುಂದಕ್ಕೆ ಹಾಕದೆ ನಡೆಯುವುದನ್ನು ಕಲಿಯಲು ನನಗೆ ಒಂದು ಋತುವೇ ಬೇಕಾಯಿತು. ಬದಿಯಲ್ಲಿ ಹಿಡಿಯಲು ಹೋದರೆ ಕೆರ್ಮೆಸ್ ಓಕ್ ಪೊದೆಯ ಮುಳ್ಳೆಲೆ ಚುಚ್ಚುತ್ತದೆ, ರೋಸ್ಮೆರಿ ಹಿಡಿದರೆ ಸಂಜೆಯವರೆಗೆ ಕೈ ಘಮಘಮಿಸುತ್ತದೆ. ದಿಣ್ಣೆಯ ಮೇಲೆ 17ನೆಯ ಶತಮಾನದ ಸಣ್ಣ ಮಠ, ಅದರ ಮೇಲೆ 946 ಮೀಟರ್ ಎತ್ತರದಲ್ಲಿ ಪ್ರೊವಾನ್ಸಿನ ಶಿಲುಬೆ. ಮಠದ ಅಂಗಳದ ಗೋಡೆಗೊರಗಿ ಚಟ್ನಿಪುಡಿ ಸವರಿದ ಚಪಾತಿ ತಿನ್ನುತ್ತೇನೆ. ಮಿಸ್ತ್ರಾಲ್ ಎಂಬ ಉತ್ತರದ ಗಾಳಿ ಬೀಸುವ ದಿನ ಅಲ್ಲಿ ನಿಲ್ಲಲಾಗದು. ಅಂಥ ದಿನ ನಾನು ಹೊರಡುವುದೇ ಇಲ್ಲ.

ಬಂದ ದಾರಿಯಲ್ಲಿ ಇಳಿಯುವುದಿಲ್ಲ. ಪಶ್ಚಿಮದ ಏಣಿನ ಮೇಲೆ ಸಾಗುವ ಇಮೂಶಾ ಎಂಬ ದಾರಿ ಹಿಡಿದು ಬಿಮೋನ್ ಅಣೆಕಟ್ಟಿಗೆ ಇಳಿಯುತ್ತೇನೆ. ಅಲ್ಲಿಂದ ಕಣಿವೆಯಲ್ಲೇ ಮುಂದುವರಿದರೆ ಹಳೆಯ ಝೋಲಾ ಅಣೆಕಟ್ಟು. ಕಾದಂಬರಿಕಾರ ಎಮಿಲ್ ಝೋಲಾನ ತಂದೆ ಫ್ರಾನ್ಸ್ವಾ ಝೋಲಾ ಇದರ ಇಂಜಿನಿಯರ್. ಅವರು 1847ರಲ್ಲಿ ತೀರಿಕೊಂಡರು, ಅಣೆಕಟ್ಟು ಮುಗಿದದ್ದು 1854ರಲ್ಲಿ. ಕೆಳಗಿನ ತೊಲೊನೆ ಹಳ್ಳಿಯಿಂದ ಎಕ್ಸ್‌ಗೆ ಬಸ್ಸು. ಇದು ತಪ್ಪಿದರೂ ಭಯವಿಲ್ಲ, ಸೆಜಾನ್ ಹೆಸರಿನ ರಸ್ತೆಯಲ್ಲಿ ಒಂದೂವರೆ ಗಂಟೆ ನಡೆದರೆ ಮನೆ. ಹೊಸಬರು ಮೊದಲ ನಡಿಗೆಗೆ ಇಂಥ ಕೊನೆಯನ್ನೇ ಆರಿಸಿಕೊಳ್ಳಲಿ, ಬಸ್ಸು ಕೈಕೊಟ್ಟರೂ ಕಾಲು ಮನೆ ಮುಟ್ಟಿಸುವಷ್ಟು ಹತ್ತಿರ ಇರಲಿ.

ಬೇಸಿಗೆಯಲ್ಲಿ ಹೊರಡುವ ಹಿಂದಿನ ಸಂಜೆ ಜಿಲ್ಲಾಡಳಿತದ ಕಾಡ್ಗಿಚ್ಚಿನ ನಕ್ಷೆ ನೋಡುವುದನ್ನು ತಪ್ಪಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಪಾಯದ ಮಟ್ಟಕ್ಕೆ ಒಂದೊಂದು ಬಣ್ಣ. ಕೆಂಪಿದ್ದರೆ ಬೆಟ್ಟಕ್ಕೆ ಪ್ರವೇಶವಿಲ್ಲ. 1989ರ ಆಗಸ್ಟಿನಲ್ಲಿ ಸೇಂಟ್-ವಿಕ್ತ್ವಾರ್‌ನ ಮೈ ಹೇಗೆ ಉರಿಯಿತು ಎಂದು ಇಲ್ಲಿನ ಹಿರಿಯರು ಇಂದಿಗೂ ದನಿ ತಗ್ಗಿಸಿ ಹೇಳುತ್ತಾರೆ. ಶರತ್ಕಾಲದಿಂದ ಚಳಿಗಾಲದ ಕೊನೆಯವರೆಗೆ ಬೇಟೆಯ ಕಾಲ. ದಾರಿಯಲ್ಲಿ ‘ಬೇಟೆ ನಡೆಯುತ್ತಿದೆ’ ಎಂಬ ಫಲಕ ಕಂಡರೆ ಕಿತ್ತಳೆ ಬಣ್ಣದ ಜಾಕೆಟ್ಟಿದ್ದರೂ ಹಿಂದಿರುಗುತ್ತೇನೆ.

ಕಳೆದ ವಸಂತದಲ್ಲಿ ಅಕ್ಕ ಸಾಗರದಿಂದ ಬಂದಿದ್ದಳು. ಅರವತ್ತೆರಡು ವರ್ಷ, ಮೊಣಕಾಲು ನೋವು. ಅವಳನ್ನು ಕಡಿದಾದ ಬೆಟ್ಟಕ್ಕೆ ಕರೆದೊಯ್ಯುವಂತಿರಲಿಲ್ಲ. ಅವಳಿಗಾಗಿ ಒಂದೇ ಬಸ್ಸಿನ ಎರಡು ನಿಲ್ದಾಣಗಳ ನಡುವೆ ನಡೆಯುವ ದಾರಿ ಹುಡುಕಿದೆ. ಎಕ್ಸ್‌ನಿಂದ ಆಪ್ಟ್‌ಗೆ ಹೋಗುವ ಬಸ್ಸು ದುರಾನ್ಸ್ ನದಿ ದಾಟಿ, ಲೇಖಕ ಆಲ್ಬರ್ಟ್ ಕಮೂ ಸಮಾಧಿಯಿರುವ ಲೂರ್ಮರಾನ್ ಹಾದು, ಲ್ಯುಬೆರೋನ್ ಬೆಟ್ಟವನ್ನು ಎರಡಾಗಿ ಸೀಳಿದ ಕಣಿವೆಯಲ್ಲಿ ಹೊರಳುತ್ತಾ ಹೋಗುತ್ತದೆ. ಅಕ್ಕ ಮುಂದಿನ ಸೀಟಿನ ಕಂಬಿ ಹಿಡಿದು, “ಇದು ನಮ್ಮ ಘಟ್ಟದ ತಿರುವಿನ ಹಾಗೇ ಇದೆಯಲ್ಲೇ” ಎಂದಳು.

ಬೊನ್ಯೂ ಊರಲ್ಲಿ ಇಳಿದೆವು. ಗುಡ್ಡದ ಮೈಗೆ ಅಂಟಿದ ಆ ಊರಿಂದ ಉತ್ತರಕ್ಕೆ, ದ್ರಾಕ್ಷಿ ಮತ್ತು ಚೆರಿ ತೋಟಗಳ ನಡುವೆ ಇಳಿಜಾರು. ನಿಧಾನಕ್ಕೆ ನಡೆದರೂ ಮಧ್ಯಾಹ್ನಕ್ಕೆ ಮೊದಲು ಪೋನ್ ಜೂಲಿಯನ್ ಮುಟ್ಟಿದೆವು. ರೋಮನ್ನರು ಕ್ರಿಸ್ತಪೂರ್ವ 3ರ ಸುಮಾರಿಗೆ ಕಾಲವೋನ್ ಹೊಳೆಗೆ ಕಟ್ಟಿದ ಮೂರು ಕಮಾನಿನ ಸೇತುವೆ ಇದು. 2005ರವರೆಗೂ ಇದರ ಮೇಲೆ ವಾಹನಗಳು ಓಡುತ್ತಿದ್ದವು. ಎರಡು ಕಂಬಗಳಲ್ಲೂ ಬಾಗಿಲಿನಂಥ ಕಿಂಡಿ, ನೆರೆ ಬಂದಾಗ ನೀರು ಹಾದುಹೋಗಲೆಂದು. ಅಕ್ಕ ಕೆಳಗಿಳಿದು ಕಲ್ಲುಗಳ ಕೂಡುಗೆರೆಯ ಮೇಲೆ ಬೆರಳಾಡಿಸಿದಳು. ಸೇತುವೆಯ ಬಳಿಯಿಂದ ಹಳೆಯ ರೈಲು ದಾರಿಯನ್ನು ಸೈಕಲ್ ದಾರಿಯನ್ನಾಗಿ ಮಾಡಿದ್ದಾರೆ. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಏರಿಳಿತವಿಲ್ಲ. ಎಂಟು ಕಿಲೋಮೀಟರ್ ನಡೆದರೆ ಆಪ್ಟ್. ಶನಿವಾರವಾದರೆ ಅಲ್ಲಿ ಬೆಳಗಿನ ಸಂತೆ. ನಾವು ಮುಟ್ಟಿದಾಗ ಅದು ಮುಗಿದಿತ್ತು. ಆದರೆ ಸಕ್ಕರೆ ಪಾಕದಲ್ಲಿ ಅದ್ದಿದ ಹಣ್ಣು ಈ ಊರಿನ ಹೆಸರುವಾಸಿ ಸಿಹಿ, ಅದನ್ನು ಒಂದು ಅಂಗಡಿಯಲ್ಲಿ ಕಾಲು ಕಿಲೋ ಕೊಂಡೆವು. ಕಿತ್ತಳೆ ಸಿಪ್ಪೆ ಅಕ್ಕನಿಗೆ ಬಲು ಹಿಡಿಸಿತು.

ಬಸ್ಸು ದೂರದಲ್ಲಿ ಕಂಡಾಗ ಕೈ ಎತ್ತಬೇಕು, ಹತ್ತುವಾಗ ಚಾಲಕರಿಗೆ ‘ಬೊನ್‌ಜೂರ್’ ಎನ್ನಬೇಕು ಎಂದು ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಆಗಲೇ ಕೈ ಎತ್ತಿ ನಿಂತಿದ್ದಳು. ಸಾಗರದ ರಸ್ತೆಯ ಬದಿಯಲ್ಲಿ ಅವಳು ನಲವತ್ತು ವರ್ಷದಿಂದ ಮಾಡಿದ್ದು ಅದನ್ನೇ. ಸೀಟಿನಲ್ಲಿ ಕುಳಿತ ಮೇಲೆ ಬೊನ್ಯೂ ಮೇಲಿನ ದೇವದಾರು ಕಾಡನ್ನು ತೋರಿಸಿದೆ. 1861ರಿಂದಾಚೆಗೆ ಅಲ್ಜೀರಿಯಾದ ಬೀಜ ತಂದು ಬೆಳೆಸಿದ ಕಾಡು ಅದು. ಅಲ್ಲಿಗೆ ನಾನು ಇನ್ನೂ ಹೋಗಿಲ್ಲ, ಊರಿನಿಂದ ಮೇಲಕ್ಕೆ ನಡೆದೇ ಏರಬೇಕು. “ಮುಂದಿನ ಸಲ ಬರುತ್ತೇನೆ, ಅಷ್ಟರಲ್ಲಿ ನೀನು ಬಸ್ಸಿನ ಸಮಯ ನೋಡಿಡು” ಎಂದಳು. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಬುಧವಾರದ ಸಾಲಿಗೆ ಕೆಂಪು ಗೆರೆ ಎಳೆದು.