ಹಳೇ ಇಂಗ್ಲಿಷ್‌ನ ಹಿದರ್, ವೆನ್ಸ್, ವೇರ್‌ಫೋರ್: ಅರ್ಥ ಹಿಡಿಯುವುದು ಹೇಗೆ?

ಹಿದರ್, ದಿದರ್, ವೆನ್ಸ್ ಅಂತ ಕಂಡ ಕೂಡಲೇ ಡಿಕ್ಷನರಿಗೆ ಓಡಬೇಡಿ. ಕನ್ನಡ ಬಂದವರಿಗೆ ಇವು ತುಂಬಾ ಸುಲಭ. ಹಿಯರ್ ಅಂದರೆ ಇಲ್ಲಿ, ಹಿದರ್ ಅಂದರೆ ಇಲ್ಲಿಗೆ, ಹೆನ್ಸ್ ಅಂದರೆ ಇಲ್ಲಿಂದ. ದೇರ್, ದಿದರ್, ದೆನ್ಸ್ ಕೂಡ ಹಾಗೇ: ಅಲ್ಲಿ, ಅಲ್ಲಿಗೆ, ಅಲ್ಲಿಂದ. ವೇರ್, ವಿದರ್, ವೆನ್ಸ್ ಏನು ಅಂತ ಇನ್ನು ನೀವೇ ಹೇಳಬಹುದು. ವೆನ್ಸ್‌ನಲ್ಲೇ 'ಇಂದ' ಇರುವಾಗ ಮತ್ತೆ 'ಫ್ರಮ್ ವೆನ್ಸ್' ಯಾಕೆ, ಅದು ತಪ್ಪು ಅಂತ ಜಗಳ ಆಡುವವರಿದ್ದಾರೆ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲೇ ಅದು ಇದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಈ ಹಳೇ ಪದಗಳಲ್ಲಿ ಹೆನ್ಸ್ ಈಗಲೂ ಚೆನ್ನಾಗಿ ಓಡಾಡಿಕೊಂಡಿದೆ, ಆದರೆ ಜಾಸ್ತಿ 'ಆದ್ದರಿಂದ' ಅನ್ನುವ ಅರ್ಥದಲ್ಲಿ. 'ಟೂ ಇಯರ್ಸ್ ಹೆನ್ಸ್' ಅಂತ ಬಂದರೆ ಇವತ್ತಿನಿಂದ ಎರಡು ವರ್ಷಕ್ಕೆ ಅಂತ.

ಅಪರಿಚಿತ ಪದ ಮೋಸ ಮಾಡುವುದಿಲ್ಲ, ಗೊತ್ತಿಲ್ಲ ಅಂತ ನಿಂತು ನೋಡುತ್ತೇವೆ. ಮೋಸ ಮಾಡುವುದು ಪರಿಚಿತ ಮುಖದ ಪದಗಳೇ. ಶೇಕ್ಸ್‌ಪಿಯರ್‌ನ ಜೂಲಿಯೆಟ್ 'ವೇರ್‌ಫೋರ್ ಆರ್ಟ್ ದೌ ರೋಮಿಯೋ' ಅನ್ನುವಾಗ ಅವನು ಎಲ್ಲಿದ್ದಾನೆ ಅಂತ ಹುಡುಕುತ್ತಿಲ್ಲ. ನೀನು ಯಾಕಾದರೂ ರೋಮಿಯೋ ಆದೆಯೋ, ಆ ವೈರಿ ಮನೆತನದ ಹೆಸರು ನಿನಗೇ ಯಾಕೆ ಬಂತೋ ಅನ್ನುವುದು ಅವಳ ಸಂಕಟ. ದೇರ್‌ಫೋರ್ ಅಂದರೆ 'ಅದಕ್ಕೇ', ವೇರ್‌ಫೋರ್ ಅಂದರೆ 'ಯಾತಕ್ಕೆ'. ಜೋಡಿ ಮಾಡಿ ನೆನಪಿಟ್ಟುಕೊಂಡರೆ ಎಡವುವುದಿಲ್ಲ, ಅಲ್ವಾ?

ಪ್ರೆಸೆಂಟ್ಲಿ ಇನ್ನೂ ಕಿಲಾಡಿ. ಆಗ 'ತಕ್ಷಣ' ಅಂತಿತ್ತು, ಹೋಗ್ತಾ ಹೋಗ್ತಾ 'ಇನ್ನು ಸ್ವಲ್ಪ ಹೊತ್ತಿಗೆ' ಆಯಿತು, ಈಗ ತುಂಬಾ ಜನ 'ಸದ್ಯಕ್ಕೆ' ಅನ್ನುವ ಅರ್ಥದಲ್ಲೂ ಬಳಸುತ್ತಾರೆ. ಅನಾನ್ ಕೂಡ ಹೀಗೇ 'ಈಗಲೇ'ಯಿಂದ 'ಆಮೇಲೆ'ಗೆ ಜಾರಿದ ಪದ. ಈಗ ಬಂದೆ ಅಂದವರು ಯಾವಾಗ ಬರುತ್ತಾರೆ ಅಂತ ನಮಗೆ ಗೊತ್ತೇ ಇದೆ. ಸ್ಟಿಲ್‌ಗೆ ಆಗ 'ಯಾವಾಗಲೂ' ಅಂತಲೂ ಅರ್ಥವಿತ್ತು. ಹಳೇ ನಾಟಕದಲ್ಲಿ 'ಇನ್ನೂ' ಅಂತ ಓದಿ ಸಾಲು ಕೂಡದಿದ್ದರೆ 'ಸದಾ' ಅಂತ ಹಾಕಿ ನೋಡಿ.

ಕರಾರು ಪತ್ರಗಳಲ್ಲಿ ಮಾತ್ರ ಇಂಥ ಪದಗಳಿಗೆ ಸಾವಿಲ್ಲ. ಅಲ್ಲಿ ಹಿಯರ್ ಅಂದರೆ ಸಾಮಾನ್ಯವಾಗಿ ಈ ಪತ್ರ, ದೇರ್ ಅಂದರೆ ಮೇಲೆ ಹೇಳಿದ ಸಂಗತಿ. ಹಿಯರ್‌ಇನ್ ಅಂದರೆ ಇದರಲ್ಲಿ, ದೇರ್‌ಆಫ್ ಅಂದರೆ ಅದರ. ದೇರ್‌ಆಫ್ ಬಂದಾಗ 'ಯಾವುದರ?' ಅಂತ ಕೇಳಿಕೊಂಡು ಹಿಂದಿನ ಸಾಲುಗಳಲ್ಲಿ ಆ ವಸ್ತುವನ್ನು ಬೆರಳಿಟ್ಟು ಹುಡುಕಿ. ಸಿಗದಿದ್ದರೆ ಸಹಿ ಹಾಕುವ ಮೊದಲೇ ಕೇಳಿ.