ಕಿಡಿ ನೋಡಿ ಕಬ್ಬಿಣ ಗುರುತಿಸುವುದು ಹೇಗೆ?

ಚಿಕ್ಕಮಗಳೂರಿನ ನಮ್ಮ ವೆಲ್ಡಿಂಗ್ ಶಾಪಿಗೆ ತೋಟದವರು ಗುಜರಿ ತುಂಡು ತಂದು ಕೇಳುವುದು ಒಂದೇ: ‘ಇದರಲ್ಲಿ ಕತ್ತಿ ಆಗುತ್ತಾ?’ ಗ್ರೈಂಡರ್‌ಗೆ ತಾಗಿಸಿದರೆ ಗೊತ್ತಾಗುತ್ತದೆ.

ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕಿ. ಬಾಗಿಲು ಅರ್ಧ ಮುಚ್ಚಿ, ಬಿಸಿಲಲ್ಲಿ ಕಿಡಿಯ ಬಣ್ಣ ಕಾಣುವುದಿಲ್ಲ. ಪೆಟ್ರೋಲ್ ಕ್ಯಾನ್, ಕಾಫಿ ಹೊಟ್ಟಿನ ಚೀಲ ಹತ್ತಿರ ಇರಬಾರದು. ಮೊದಲು ತುಕ್ಕು, ಪೇಂಟ್ ಹೋಗಲಿ. ಆಮೇಲೆ ಹಗುರವಾಗಿ ತಾಗಿಸಿ, ಒತ್ತಬೇಡಿ.

ಸಾದಾ ಎಂಎಸ್ (ಮೈಲ್ಡ್ ಸ್ಟೀಲ್, ಇಂಗಾಲ ಕಡಿಮೆ ಇರುವ ಮೆದು ಉಕ್ಕು) ಆದರೆ ಉದ್ದನೆಯ ಹಳದಿ ಗೆರೆಗಳು, ಅಲ್ಲೊಂದು ಇಲ್ಲೊಂದು ಕವಲು. ಗೇಟಿಗೆ ಸರಿ, ಕತ್ತಿಗೆ ಬೇಡ. ಲಾರಿಯ ಸ್ಪ್ರಿಂಗ್ ಪಟ್ಟಿ ಹಿಡಿದು ನೋಡಿ, ಸುರುಸುರುಬತ್ತಿ ಹಾಗೆ ಕವಲೊಡೆದು ಸಿಡಿಯುತ್ತದೆ. ಇಂಗಾಲ ಜಾಸ್ತಿ ಇದ್ದಷ್ಟೂ ಗೆರೆ ಗಿಡ್ಡ, ಸಿಡಿತ ಗ್ರೈಂಡರ್ ಕಲ್ಲಿನ ಹತ್ತಿರವೇ ಶುರು. ಲೋಹ ಉಜ್ಜುವ ಹಳೇ ಅರದ್ದು ಇನ್ನೂ ಜೋರು. ಕತ್ತಿಗೆ ಬೇಕಾದದ್ದು ಇಂಥ ಕಿಡಿಯೇ. ಬೀಡು ಕಬ್ಬಿಣದ್ದು ಮಂಕು ಕೆಂಪು, ಬೇಗ ಮುಗಿಯುತ್ತದೆ. ಮಾಮೂಲಿ ಸ್ಟೇನ್‌ಲೆಸ್‌ನಲ್ಲಿ ಕಿತ್ತಳೆ ಬಣ್ಣದ ಗೆರೆ, ಕವಲು ತೀರಾ ಕಡಿಮೆ.

ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯಲ್ಲಿ ಕಿಡಿಯೇ ಬರುವುದಿಲ್ಲ. ಸುಮ್ನೆ ಕಲ್ಲಿಗೆ ಮೆತ್ತಿಕೊಳ್ಳುತ್ತವೆ. ಹಾಗೆ ಮೆತ್ತಿದ ಕಲ್ಲು ಬಿಸಿಯಾಗಿ ಒಡೆದರೆ ಕಷ್ಟ ಅಲ್ವಾ? ನಮ್ಮಲ್ಲಿ ಅವನ್ನು ಆ ಕಲ್ಲಿಗೆ ಮುಟ್ಟಿಸುವುದೇ ಇಲ್ಲ.

ಅನುಮಾನ ಬಂದರೆ ಗೊತ್ತಿರುವ ತುಂಡನ್ನು ಅದೇ ಕಲ್ಲಿಗೆ ಹಿಡಿದು ಹೋಲಿಸಿ. ನಾನಂತೂ ಒಂದು ಎಂಎಸ್ ರಾಡು, ಒಂದು ಹಳೇ ಅರ ಗ್ರೈಂಡರ್ ಪಕ್ಕದಲ್ಲೇ ಇಟ್ಟಿರುತ್ತೇನೆ.